ಯಾರೂ ತೋಡದ ಕೆರೆ

“ಇದು ಯಾರೂ ತೋಡಿದ್ದಲ್ರಿ ಮೇಡಂ, ತಾನಾಗೇ ಆಗಿದ್ದು,” ಎಂದು ಉಚ್ಚೆಂಗೆಪ್ಪ ಮೂರನೆಯ ಸಲ ಹೇಳಿದ. ಒಂದೇ ಸಲ ಹೇಳಿ ಸುಮ್ಮನಾಗಿದ್ದರೆ ಸ್ಫೂರ್ತಿ ನಂಬಿಬಿಡುತ್ತಿದ್ದಳೇನೋ.

ಸಂಡೂರಿನ ಗುಡ್ಡದ ಮೇಲಿನ ಆ ಕೆರೆ ಹುಟ್ಟಿದ್ದು ಹೇಗೆಂದು ತಿಳಿಯಲು, ಭೂವಿಜ್ಞಾನ ಓದಿದ ಸ್ಫೂರ್ತಿ ಹೊಸಪೇಟೆಯಿಂದ ಬಂದಿದ್ದಳು. ಅವಳ ವರದಿಯಲ್ಲಿ ‘ನೈಸರ್ಗಿಕ’ ಎಂದು ಬಂದರೆ ಕೆರೆ ಗಣಿ ಗುತ್ತಿಗೆಯ ಗಡಿಯಿಂದ ಹೊರಗೆ ಉಳಿಯುತ್ತದೆ. ‘ಹಳೆಯ ಗಣಿ ಗುಂಡಿ’ ಎಂದು ಬಂದರೆ ಪಂಪ್ ಇಟ್ಟು ನೀರು ಖಾಲಿ ಮಾಡಿ ಅದಿರು ತೆಗೆಯುತ್ತಾರೆ. ಕೆಳಗಿನ ಹಟ್ಟಿಯ ಮೂವತ್ತು ಮನೆಗಳಿಗೆ ಬೇಸಿಗೆಯಲ್ಲಿ ಇದೊಂದೇ ನೀರು. ಹಾಗಾಗಿ ಹಟ್ಟಿಯ ಹಿರಿಯನಾದ ಉಚ್ಚೆಂಗೆಪ್ಪ ಅಲ್ಲಿಯವರಿಗೆಲ್ಲ ಈ ಒಂದು ಮಾತನ್ನು ಬಾಯಿಪಾಠ ಮಾಡಿಸಿದ್ದ. ಕುರಿ ಹೊಡೆದುಕೊಂಡು ಹೋಗಿದ್ದ ಅವನ ಅಕ್ಕ ದುರ್ಗಕ್ಕ ಮಾತ್ರ ಆ ಪಾಠ ತಪ್ಪಿಸಿಕೊಂಡಿದ್ದಳು.

ದಂಡೆಯ ಬಂಡೆಯಲ್ಲಿ ಕೆಂಪು, ಕಪ್ಪು ಪಟ್ಟೆಗಳು ಮಡಚಿದ ಕಂಬಳಿಯ ಹಾಗೆ ಬಾಗಿದ್ದವು. ಸ್ಫೂರ್ತಿಗೆ ಹಿಗ್ಗು ತಡೆಯಲಾಗಲಿಲ್ಲ.

“ನೋಡ್ರಿ ಅಜ್ಜಾರ, ಇನ್ನೂರೈವತ್ತು ಕೋಟಿ ವರ್ಷದ ಹಿಂದ ಇದು ಸಮುದ್ರದ ತಳ. ಭೂಮಿ ಒತ್ತಿದ್ದಕ್ಕ ಪದರು ಬಾಗಿ ದೋಣಿ ಹಂಗ ಆಗ್ಯಾವ. ಮೆತ್ತನ್ನ ಕಲ್ಲು ಮಳಿ ನೀರಿಗೆ ಸವದು ಹೋತು, ಗಟ್ಟಿ ಕಲ್ಲು ದಂಡಿ ಆಗಿ ಉಳೀತು. ಮನುಷ್ಯಾರ ಕೈ ತಾಗೇ ಇಲ್ಲ ಇಲ್ಲಿ!”

ಉಚ್ಚೆಂಗೆಪ್ಪ ಆ ಸಮುದ್ರವನ್ನು ತಾನೇ ಕಂಡವನಂತೆ ತಲೆಯಾಡಿಸಿದ.

“ಕೈ ತಾಗಿಲ್ಲಂತ?” ಕುರಿಗಳ ನಡುವಿನಿಂದ ದುರ್ಗಕ್ಕನ ದನಿ ಬಂತು. “ನಮ್ಮವ್ವ ಆರು ವರ್ಷ ಇಲ್ಲಿ ಪುಟ್ಟಿಗಟ್ಲೆ ಅದಿರು ಹೊತ್ತಾಳ. ಇಲ್ಲೇ ಮಣ್ಣು ಕುಸುದು ಸತ್ತಾಳ. ಬರ್ರಿ, ತೋರಸ್ತೀನಿ.”

ಉಚ್ಚೆಂಗೆಪ್ಪ ಕಣ್ಣು ಬಿಟ್ಟು ಹೆದರಿಸಿದ್ದನ್ನು ಅವಳು ನೋಡಲೇ ಇಲ್ಲ. ಸ್ಫೂರ್ತಿಯ ಕೈ ಹಿಡಿದು ಆಚೆ ದಂಡೆಗೆ ಕರೆದೊಯ್ದಳು. ಅಲ್ಲಿ ನೀರಿನ ಮಟ್ಟದಲ್ಲಿ, ಸಿಡಿಮದ್ದು ತುಂಬಲು ಕೊರೆದ ನಾಲ್ಕು ತೂತುಗಳಿದ್ದವು. ಸ್ಫೂರ್ತಿ ಒಂದರೊಳಗೆ ಬೆರಳಿಟ್ಟಳು. ಯಾವ ಮಳೆಯೂ ಕಲ್ಲನ್ನು ಅಷ್ಟು ದುಂಡಗೆ ಕೊರೆಯುವುದಿಲ್ಲ. ಅರ್ಧ ಕೆರೆ ಗುಡ್ಡದ್ದು, ಇನ್ನರ್ಧ ಜನರದ್ದು. ವರದಿಯ ಖಾನೆಯಲ್ಲಿ ಮಾತ್ರ ಎರಡರಲ್ಲಿ ಒಂದನ್ನಷ್ಟೇ ಬರೆಯಬಹುದಿತ್ತು. ಈ ಮುದುಕಿ ಇವತ್ತೊಂದು ದಿನ ಬೇರೆ ಕಡೆ ಕುರಿ ಮೇಯಿಸಬಾರದಿತ್ತೇ ಎಂದು ಅವಳಿಗೆ ಸಿಟ್ಟು ಬಂತು, ಅಯ್ಯೋ ಎಂದೂ ಅನ್ನಿಸಿತು.

“ದುರ್ಗಕ್ಕ, ನೀವು ಹೇಳಿದ್ದು ಬರಕೊಂಡ್ರ ಈ ನೀರು ಉಳಿಯೂದಿಲ್ಲ.”

ದುರ್ಗಕ್ಕ ಬೆಚ್ಚಿದಳು. ಏದುಸಿರು ಬಿಡುತ್ತ ಬಂದ ತಮ್ಮನ ಕಡೆ ತಿರುಗಿದಳು. “ಅದಕ್ಕೇನಲೇ ಸುಳ್ಳು ಹೇಳಿದ್ದು? ನಿನಗೂ ಅಕಿ ಅವ್ವ ಅಲ್ಲೇನು?”

“ಅವ್ವಗ ಈಗ ನೀರು ಬ್ಯಾಡಕ್ಕ,” ಎಂದ ಉಚ್ಚೆಂಗೆಪ್ಪ, ನೆಲ ನೋಡುತ್ತ. “ನಮಗ ಬೇಕು.”

ಕುರಿಗಳು ದಂಡೆಗಿಳಿದು ಸಾಲಾಗಿ ನೀರಿಗೆ ಬಾಯಿ ಹಾಕಿದವು. ಅವು ಕುಡಿದು ಮುಗಿಸಿದ ಮೇಲೆ ದುರ್ಗಕ್ಕ ಅವನ್ನು ದಂಡೆಯ ಮೇಲಕ್ಕೆ ಹೊಡೆದಳು.

“ಬರಕೋರಿ ಮೇಡಂ,” ಎಂದಳು ಆಮೇಲೆ. “ನಮ್ಮವ್ವ ಈ ಗುಡ್ಡ ಹತ್ತೇ ಇಲ್ಲ.”