ಹಲಸಿನ ಮರದ ನಾಡಿ

ಹಗ್ಗದ ಜೋಲಿ ಕಟ್ಟಲು ಬೋಲ್ಟು ಹಾಕಬೇಕೆಂದು ಪ್ರಫುಲ್ಲಳ ಹಿತ್ತಲಿಗೆ ಬಂದ ಫಿಟ್ಟರ್ ಚೆಲುವಯ್ಯ ಡ್ರಿಲ್ ಕೆಳಗಿಟ್ಟು, ಮೊದಲು ಹಲಸಿನ ಮರದ ನಾಡಿ ಹಿಡಿದ. ಸತ್ತವರನ್ನು ಹಿತ್ತಲ ಮರದ ಬುಡದಲ್ಲಿ ಹೂಳುವ ಊರು ಅದು. ವರ್ಷ ತುಂಬುವುದರೊಳಗೆ ಅವರ ನಾಡಿ ಕಾಂಡದಲ್ಲಿ ಬಡಿಯತೊಡಗುತ್ತದೆ. ಬಡಿತವಿಲ್ಲದ ಜಾಗ ಹುಡುಕಿಯೇ ಕೊರೆಯಬೇಕು. ಒಮ್ಮೆ ಹಾಕಿದ ಬೋಲ್ಟನ್ನು ಮತ್ತೆ ಕೀಳಲು ಬರುವುದಿಲ್ಲ.

ಹಲಸು ಪ್ರಫುಲ್ಲಳ ಗಂಡ. ಎದುರಿನ ಮಾವು ಅತ್ತೆ.

ಕಾಂಡವನ್ನೆಲ್ಲ ತಡವಿ ಚೆಲುವಯ್ಯ ಕೈ ತೆಗೆದ. "ಎಲ್ಲಿ ಬೇಕಾದ್ರೂ ಕೊರೀಬೋದಮ್ಮ. ಇದರಲ್ಲಿ ಯಾರೂ ಇಲ್ಲ."

"ಹೋದ ತಿಂಗಳು ಇದ್ರಲ್ಲಾ ಅವರು!"

ಅವನು ಮಾವಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನಿಂತ. "ಇಲ್ಲಿ ಎರಡು ನಾಡಿ ಬಡೀತಿದೆ. ಬೇರಿಗೆ ಬೇರು ಕೂಡಿದ್ರೆ ಹಿಂಗಾಗೋದುಂಟು."

ಬದುಕಿದ್ದಾಗಲೂ ಗಂಡ ಅಷ್ಟೇ, ಒಂದು ಮಾತು ಹೆಚ್ಚಾದರೆ ಎದ್ದು ತಾಯಿಯ ಕೋಣೆಗೆ ಹೋಗಿಬಿಡುತ್ತಿದ್ದ. ಪ್ರಫುಲ್ಲ ಹಲಸಿಗೆ ಕಿವಿಯಿಟ್ಟಳು. ಒಳಗೆ ಬಿಟ್ಟುಹೋದ ಮನೆಯ ತಂಪಿತ್ತು.

ಚೆಲುವಯ್ಯ ಡ್ರಿಲ್ ಎತ್ತಿಕೊಂಡ. "ಇಲ್ಲೇ ಹಾಕ್ಲಾ?"

"ಬೇಡ," ಎಂದಳು ಅವಳು, ತೊಗಟೆ ಸವರುತ್ತ. "ಇದನ್ನ ತೂತು ಮಾಡ್ಬೇಡಿ. ನಾಳೆ ನಾನಿರ್ಬೇಕಾದ ಮರ."