ಅರ್ಘ್ಯದ ಫೋಟೋ

ಹೊಳೆಯಲ್ಲಿ ನಿಂತು ಸೂರ್ಯನಿಗೆ ಅರ್ಘ್ಯ ಕೊಡುವವರ ಫೋಟೋ ಸ್ಪರ್ಧೆಗೆ ಬೇಕಿತ್ತು. ಅಂದೇ ಕಡೆಯ ದಿನ. ಫೋಟೋಗ್ರಾಫರ್ ಕ್ಯಾಮೆರಾಕ್ಕೆ ಹೊಸ ಮಾನಿಟರ್ ಜೋಡಿಸಿ, ಒಂದು ಹನಿ ಇಬ್ಬನಿಯೂ ತಾಗದಂತೆ ಅದಕ್ಕೆ ಕೊಡೆ ಹಿಡಿದಿದ್ದ. ಮುದುಕರೊಬ್ಬರು ಚೊಂಬು ಹಿಡಿದು ನೀರಿಗಿಳಿದರು.

“ಅರ್ಘ್ಯ ಕೊಡಿ ತಾತ, ಬೆಳಕು ಚೆನ್ನಾಗಿದೆ.”

“ಯಾರಿಗಪ್ಪಾ ಕೊಡ್ಲಿ? ಆಪರೇಷನ್ ಆದ ಕಣ್ಣು. ಆ ಕಡೆ ನೋಡಿದ್ರೆ ಬರೀ ನೀರು ಸುರಿಯತ್ತೆ. ದೇವರೇ ಕಾಣಲ್ಲ.”

“ಅಷ್ಟೇನಾ? ಬನ್ನಿ, ಇದರಲ್ಲಿ ನೋಡಿ.”

ತಾತ ದಡಕ್ಕೆ ಬಂದು ಮಾನಿಟರಿನೊಳಗೆ ಇಣುಕಿದರು. ಕೆಂಪಾದ ದುಂಡನೆಯ ಬಿಂಬ.

“ಅಬ್ಬಾ! ಸಾಕ್ಷಾತ್ ಸೂರ್ಯನಾರಾಯಣ!”

“ಕಂಡ್ರಲ್ಲ ತಾತ? ಇನ್ನು ತಡಮಾಡ್ಬೇಡಿ, ಕೊಟ್ಟುಬಿಡಿ.”

ತಾತ ಮಂತ್ರ ಹೇಳುತ್ತಾ ಬೊಗಸೆ ತುಂಬಿಕೊಂಡು, ಮಾನಿಟರಿನ ಮೇಲೆ ಭಕ್ತಿಯಿಂದ ಅರ್ಘ್ಯ ಬಿಟ್ಟರು.