ಬಾಣಂತಿಯ ಬಳೆ

ಕೂಸು ನೋಡಲು ಬಂದವರು, ಈಚೆಗೆ ಬಂದಿರುವ ಬಾಣಂತಿಯ ಬಳೆ ತೊಟ್ಟು, ಒಂದು ಸಲ ಹಾಲೂಡಿಸಿ ಮುಗಿಯುವವರೆಗೆ ಅವಳ ನೋವನ್ನು ತಮ್ಮ ಮೈಗೆ ಇಸಿದುಕೊಳ್ಳುವುದು ಈಗ ನಮ್ಮ ಕಡೆ ವಾಡಿಕೆ. ಬರೀ ಚಹಾ ಕುಡಿದು ಎದ್ದುಹೋದವರನ್ನು ಜನ ಆಡಿಕೊಳ್ಳುತ್ತಾರೆ.

ಶೈಲಾಳ ಅತ್ತೆ ಸಾವಂತ್ರೆವ್ವ ಮಾತ್ರ ಅಂಟಿನುಂಡೆಯ ಡಬ್ಬಿ ಇಟ್ಟು, ಬಳೆಯ ಕಡೆ ನೋಡದೆ ಕೂತಳು.

“ಎದಿ ಉರೀತೈತ್ರಿ ಅತ್ತಿ. ಕೂಸಿನ ಬಾಯಾಗೂ ಬೆಳ್ಳಗ ಏನೋ ಐತಿ. ನಾಳಿಂದ ಡಬ್ಬಿ ಹಾಲ ಕುಡಸ್ತೇನ್ರಿ,” ಎಂದಳು ಶೈಲಾ.

“ಅದು ಹಾಲಿನ ಕೆನಿ. ನಾವೇನು ಹಡದಿಲ್ಲೇನು? ತಾ ಇಲ್ಲಿ ಆ ಬಳಿ!”

ಸಾವಂತ್ರೆವ್ವ ಬಳೆ ತೊಟ್ಟಳು. ಕೂಸು ಶೈಲಾಳ ಎದೆಗೆ ಬಾಯಿ ಹಾಕಿತು.

“ಯವ್ವಾ!” ಸಾವಂತ್ರೆವ್ವನ ಕೈಯಲ್ಲಿದ್ದ ಚಹಾ ಸೀರೆಯ ಮೇಲೆ ಚೆಲ್ಲಿತು.

ಶೈಲಾ ಎಷ್ಟೋ ದಿನಗಳ ಮೇಲೆ ಗೋಡೆಗೆ ಆರಾಮಾಗಿ ಒರಗಿ, ಹಾಲು ಕುಡಿಯುವ ಕೂಸಿನ ಮೂಗು ಯಾರ ಹಾಗಿದೆ ಎಂದು ನೋಡುತ್ತ ಕೂತಳು.

ಕೂಸು ಎದೆ ಬಿಟ್ಟೊಡನೆ ಸಾವಂತ್ರೆವ್ವ ಅದರ ನಾಲಿಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿದಳು. ಬಿಳುಪು ಹೋಗಲಿಲ್ಲ. ಮಗನಿಗೆ ಫೋನ್ ಹಚ್ಚಿದಳು.

“ಲಗೂನ ಗಾಡಿ ತಗೊಂಡ ಬಾ. ಇನ್‌ಫೆಕ್ಷನ್ ಆಗೇತಿ. ತಾಯಿಗೂ ಔಷಧ ಬೇಕು, ಕೂಸಿಗೂ ಬೇಕು.”

“ಇನ್ನ ಬಳಿ ತಗೀರಿ ಅತ್ತಿ,” ಎಂದಳು ಶೈಲಾ.

“ಇರಲಿ ಬಿಡು, ಉರಿ ಕಡಿಮಿ ಆಗೋತನಕ. ನಿನ್ನ ಗಂಡನ್ನ ಹಡದಾಗ ನನಗೂ ಹಿಂಗ ಆಗಿತ್ತು. ಮರತಬಿಟ್ಟಿದ್ದೆ. ನಮ್ಮತ್ತಿನೂ ಕೆನಿ ಅಂತಾನ ಅಂದಿದ್ಲು.” ಸಾವಂತ್ರೆವ್ವ ಬಳೆಯನ್ನು ತಿರುಗಿಸಿ ನೋಡಿ ನಕ್ಕಳು. “ಆಗ ಇದು ಇದ್ದಿದ್ರ, ಆಕಿ ಕೈಗೆ ಸಾಬೂನ ಹಚ್ಚಿ ನಾನ ತೊಡಸ್ತಿದ್ದೆ!”